ಡೊನೆಗಾಲಿನ ರೈಲುಕಾರು

ನಾಲ್ಕು ಮಂದಿ ನೆಂಟರು ಊಟಕ್ಕೆ ಬರುತ್ತಾರೆಂದು ಮದುವೆಮನೆಯ ದೊಡ್ಡ ಒಲೆಯನ್ನು ಹೊತ್ತಿಸಿ, ಕೊಪ್ಪರಿಗೆಯಲ್ಲಿ ಅನ್ನಕ್ಕೆ ನೀರಿಡುವ ಗೃಹಿಣಿಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಮನೆ ನಡೆಸುವವರಿಗೆ ಸೌದೆಯ ಬೆಲೆ ಗೊತ್ತು, ಪಾತ್ರೆಯ ಅಳತೆಯೂ ಗೊತ್ತು. ಆದರೆ ರೈಲಿನ ಚರಿತ್ರೆಯಲ್ಲಿ ಬಹುಕಾಲ ನಡೆದದ್ದು ಇಂಥ ಅಡಿಗೆಯೇ.

ಹಳ್ಳಿಗಾಡಿನ ಒಂದು ಕವಲುದಾರಿಯನ್ನು ನೆನೆದುಕೊಳ್ಳಿ. ಬೆಳಗಿನ ಮೊದಲ ಗಾಡಿಗೆ ಬರುವವರು ಹತ್ತೋ ಹದಿನೈದೋ ಮಂದಿ. ಅವರಿಗಾಗಿ ಉಗಿಎಂಜಿನ್ನಿಗೆ ಇನ್ನೂ ಕತ್ತಲಿರುವಾಗಲೇ ಬೆಂಕಿ ಹಾಕಬೇಕು. ನೀರು ಕಾದು, ಉಗಿಯ ಒತ್ತಡ ಏರಲು ಗಂಟೆಗಟ್ಟಲೆ ಬೇಕು. ಕಲ್ಲಿದ್ದಲು ಎತ್ತಿಹಾಕಲು ಒಬ್ಬ, ಎಂಜಿನ್ನು ನಡೆಸಲು ಒಬ್ಬ, ಹಿಂದೆ ಗಾರ್ಡು ಒಬ್ಬ. ಗಾಡಿ ಓಡಿದರೂ ಕಲ್ಲಿದ್ದಲು ಉರಿಯುತ್ತದೆ. ಸ್ಟೇಷನ್ನಿನಲ್ಲಿ ಸುಮ್ಮನೆ ನಿಂತರೂ ಉರಿಯುತ್ತದೆ. ಹದಿನೈದು ಟಿಕೆಟ್ಟಿನ ಹಣದಲ್ಲಿ ಈ ಖರ್ಚು ಹುಟ್ಟುವುದೆಂತು? ಹುಟ್ಟದಿದ್ದರೆ ದಾರಿಯನ್ನೇ ಮುಚ್ಚಬೇಕು. ದಾರಿ ಮುಚ್ಚಿದರೆ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗಬೇಕಾದ ಆ ಹದಿನೈದು ಮಂದಿ ಏನು ಮಾಡಬೇಕು?

ಈ ಪ್ರಶ್ನೆಗೆ ಸಿಕ್ಕಿದ ಒಂದು ಉತ್ತರವೇ ರೈಲುಕಾರು. ಎಂಜಿನ್ನು ಬೇರೆ, ಡಬ್ಬಿ ಬೇರೆ ಎಂಬ ಭೇದ ಇದರಲ್ಲಿಲ್ಲ. ಜನ ಕೂಡುವ ಬಂಡಿಯಲ್ಲಿಯೇ ಎಂಜಿನ್ನನ್ನೂ ಅಳವಡಿಸಿ ಹಳಿಯ ಮೇಲೆ ಬಿಟ್ಟರೆ ಅದೇ ರೈಲುಕಾರು. ನಮ್ಮವರಿಗೆ ಇದು ತೀರ ಹೊಸದಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್‌ಗೇಜಿನ ಹಳಿ ಇದ್ದ ದಿನಗಳಲ್ಲಿ ಮಲೆನಾಡಿನ ಕಾಡಿನ ನಡುವೆ ಓಡಿದ ರೈಲುಬಸ್ಸನ್ನು ನಿಮ್ಮಲ್ಲಿ ಅನೇಕರು ಹತ್ತಿರಬಹುದು. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಹಳಿಯ ಗಾಲಿಗಳ ಮೇಲೆ ನಿಂತ ಆಸ್ಟಿನ್ ಮೋಟಾರು ಕಾರನ್ನು ಕಂಡು ನಕ್ಕಿರಲೂಬಹುದು. ಅವೆರಡೂ ಈ ವಂಶದವೇ. ಈ ವಂಶದ ಒಂದು ಹಿರಿಯ ಮನೆತನದ ಕತೆಯನ್ನು ಈಗ ನಿಮಗೆ ಹೇಳಬೇಕೆಂದಿದ್ದೇನೆ. ಅದು ಹುಟ್ಟಿ ಬೆಳೆದದ್ದು ಐರ್ಲೆಂಡ್ ದ್ವೀಪದ ವಾಯವ್ಯ ಮೂಲೆಯ ಡೊನೆಗಾಲ್ ಎಂಬ ಸೀಮೆಯಲ್ಲಿ.

ಡೊನೆಗಾಲು ಗುಡ್ಡಗಾಡಿನ ನಾಡು. ಮಳೆ ಹೆಚ್ಚು, ಜನ ವಿರಳ, ಭೂಮಿ ಬಡವು. ಕಡಲ ಕರೆಯಲ್ಲಿ ಮೀನುಗಾರರ ಊರುಗಳು, ಒಳನಾಡಿನಲ್ಲಿ ಕುರಿ ದನ ಸಾಕುವ ಚಿಕ್ಕ ರೈತರು. ಇಂಥ ಕಡೆಗೆ ಅಗಲವಾದ ಹಳಿ ಹಾಕಿದರೆ ಕಟ್ಟುವ ಖರ್ಚೇ ಹಿಂದಿರುಗದೆಂದು, ಮೂರಡಿ ಅಗಲದ ಹಳಿಯನ್ನು ಹಾಕಿದರು. ನಮ್ಮ ಮೀಟರ್‌ಗೇಜಿಗಿಂತ ಅದು ಮೂರಂಗುಲಕ್ಕೆ ತುಸು ಹೆಚ್ಚು ಕಿರಿದು. 1882ರಲ್ಲಿ ಆರಂಭವಾದ ಈ ಕಿರುಹಳಿ ಸ್ವಲ್ಪ ಸ್ವಲ್ಪವಾಗಿ ಬೆಳೆಯಿತು. 1893ರಲ್ಲಿ ಕಿಲಿಬೆಗ್ಸ್ ಎಂಬ ಮೀನುಬಂದರನ್ನು, 1895ರಲ್ಲಿ ಗ್ಲೆಂಟೀಸನ್ನು, 1905ರಲ್ಲಿ ಬ್ಯಾಲಿಶ್ಯಾನನ್ನನ್ನು, 1909ರಲ್ಲಿ ಲೆಟರ್‌ಕೆನಿಯನ್ನು ಮುಟ್ಟಿತು. ಒಟ್ಟು ಸುಮಾರು 125 ಮೈಲಿ. ಐರ್ಲೆಂಡು ಬ್ರಿಟನ್ನುಗಳಲ್ಲಿ ಕಿರುಹಳಿಯ ಜಾಲ ಇಷ್ಟು ದೊಡ್ಡದಾಗಿ ಬೇರೆಲ್ಲಿಯೂ ಇರಲಿಲ್ಲ. 1906ರಲ್ಲಿ ಎರಡು ದೊಡ್ಡ ರೈಲ್ವೆ ಕಂಪನಿಗಳು ಕೂಡಿ ಇದನ್ನು ಕೊಂಡು, ಜಂಟಿ ಸಮಿತಿಯೊಂದರ ಕೈಗೆ ಒಪ್ಪಿಸಿದವು.

1910ರಲ್ಲಿ ಈ ರೈಲಿನ ಆಡಳಿತಕ್ಕೆ ಹೆನ್ರಿ ಫೋರ್ಬ್ಸ್ ಎಂಬಾತ ಬಂದನು. 1943ರಲ್ಲಿ ತೀರಿಕೊಳ್ಳುವವರೆಗೂ ಆತ ಇದನ್ನು ಬಿಡಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಆತ ಕೇಳಿರಲಾರ. ಆದರೆ ಮೂವತ್ತಮೂರು ವರ್ಷ ಅದರಂತೆಯೇ ನಡೆದ.

ಆತನಿಗೆ ದಾರಿ ತೋರಿಸಿದ್ದು ಒಂದು ಆಟದ ಸಾಮಾನಿನಂಥ ಬಂಡಿ. ಹಳಿಗಳ ತಪಾಸಣೆಗಾಗಿ 1906ರ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಿಂದ ತರಿಸಿದ್ದ ಸಣ್ಣ ಪೆಟ್ರೋಲು ಕಾರು ಅದು. 1926ರಲ್ಲಿ ಬ್ರಿಟನ್ನಿನ ಗಣಿಕೆಲಸಗಾರರು ಮುಷ್ಕರ ಹೂಡಿದರು. ಕಲ್ಲಿದ್ದಲು ಬರುವುದು ನಿಂತಿತು. ಎಂಜಿನ್ನುಗಳಿಗೆ ಮೇವಿಲ್ಲ, ಆದರೂ ಟಪಾಲು ಹೋಗಬೇಕು, ಜನ ಹೋಗಬೇಕು. ಫೋರ್ಬ್ಸನು ಆ ಪುಟ್ಟ ಕಾರನ್ನೇ ಹೊರಡಿಸಿ, ಟಪಾಲಿನ ಚೀಲಗಳನ್ನೂ ಕೆಲವರು ಪ್ರಯಾಣಿಕರನ್ನೂ ಅದರಲ್ಲಿ ಕಳುಹಿಸಿದನು. ಕಷ್ಟಕಾಲಕ್ಕೆಂದು ಮಾಡಿದ ಏರ್ಪಾಡು ಒಂದು ಲೆಕ್ಕವನ್ನು ಕಲಿಸಿತು. ಕೆಲವೇ ಜನರಿಗೆ ಕೆಲವೇ ಖರ್ಚು ಸಾಕು ಎಂಬುದೇ ಆ ಲೆಕ್ಕ.

ಅದೇ ವರ್ಷ ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಸಣ್ಣ ರೈಲ್ವೆಯಿಂದ ಫೋರ್ಡ್ ಎಂಜಿನ್ನಿನ ಎರಡು ಹಳೆಯ ರೈಲುಬಸ್ಸುಗಳನ್ನು ಕೊಂಡದ್ದಾಯಿತು. ಪೆಟ್ರೋಲು ದುಬಾರಿ. ಆದುದರಿಂದ ಮುಂದಿನ ಹೆಜ್ಜೆ ಡೀಸೆಲಿನದು. 1931ರಲ್ಲಿ ಓಡಲಾರಂಭಿಸಿದ 7ನೆಯ ನಂಬರಿನ ಕಾರು, ಐರ್ಲೆಂಡು ಬ್ರಿಟನ್ನುಗಳೆರಡರಲ್ಲಿಯೂ ನಿತ್ಯದ ಪ್ರಯಾಣಿಕ ಸೇವೆಗೆ ಇಳಿದ ಮೊದಲ ಡೀಸೆಲ್ ರೈಲುಕಾರೆಂದು ರೈಲಿನ ಚರಿತ್ರೆ ಬರೆದವರು ಎಣಿಸುತ್ತಾರೆ. ಅದರ ಗಾರ್ಡ್ನರ್ ಎಂಜಿನ್ನಿನ ಬಲ 74 ಅಶ್ವಶಕ್ತಿ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳಿಗೆ ಅಷ್ಟು ಬಲ ಉಂಟು. ಒಂದು ಬಡ ಸೀಮೆಯ ಕಿರುಹಳಿ ದೊಡ್ಡ ದೊಡ್ಡ ಕಂಪನಿಗಳಿಗಿಂತ ಮುಂದೆ ಹೋಯಿತೆಂಬುದು ಗಮನಿಸಬೇಕಾದ ಮಾತು. ಮುಂದೆ ಹೋದದ್ದು ಹೊಸತನದ ಹಂಬಲದಿಂದ ಅಲ್ಲ, ಬೇರೆ ಗತಿಯಿರಲಿಲ್ಲ.

ಡೀಸೆಲ್ ಎಂಜಿನ್ನಿನ ಗುಟ್ಟೇನು? ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಕೈಯಿಟ್ಟು ನೋಡಿರಬಹುದು. ಗಾಳಿಯನ್ನು ಒತ್ತಿ ಹಿಡಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಕೊಂತವು ಗಾಳಿಯನ್ನು ಬಹಳ ಬಿಗಿಯಾಗಿ ಒತ್ತುತ್ತದೆ. ಅದು ಎಷ್ಟು ಕಾಯುತ್ತದೆಂದರೆ, ಸಣ್ಣ ತೂತುಗಳಿಂದ ಎಣ್ಣೆಯನ್ನು ಸಿಂಪಡಿಸಿದೊಡನೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಕಿಡಿ ಹಾಯಿಸುವ ಏರ್ಪಾಡು ಬೇಕಿಲ್ಲ. ಗಾಳಿಯನ್ನು ಹೆಚ್ಚು ಒತ್ತುವುದರಿಂದ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ದೊರೆಯುತ್ತದೆ. ಬೆಳಿಗ್ಗೆ ಹೊರಡುವ ಹೊತ್ತಿಗೆ ಎಂಜಿನ್ನು ಹಾಕಿದರಾಯಿತು. ಸಂಜೆ ನಿಲ್ಲಿಸಿದರೆ ಎಣ್ಣೆಯ ಖರ್ಚೂ ನಿಂತಿತು. ಬೆಂಕಿ ಹಾಕುವ ಆಳೂ ಬೇಕಿಲ್ಲ. ಡ್ರೈವರೊಬ್ಬ, ಗಾರ್ಡೊಬ್ಬ ಇದ್ದರೆ ಬಂಡಿ ಹೊರಟಿತು.

1934ರಿಂದ ಮುಂದೆ ಡೊನೆಗಾಲಿನ ಕಾರುಗಳು ಒಂದು ವಿಶೇಷ ಮಾದರಿಯಲ್ಲಿ ಬಂದವು. ಇವನ್ನು ದೂರದಿಂದ ನೋಡಿದರೆ ಲಾರಿಯ ಮೂತಿಗೆ ಬಸ್ಸಿನ ಮೈ ಜೋಡಿಸಿದ ಹಾಗೆ ಕಾಣುತ್ತದೆ. ಮೂತಿಯ ಭಾಗ ಇಂಗ್ಲೆಂಡಿನ ವಿಗನ್ ಊರಿನ ವಾಕರ್ ಸೋದರರ ಕಾರ್ಖಾನೆಯದು. ಮೈಯ ಭಾಗ ಐರ್ಲೆಂಡಿನ ಡಂಡಾಕ್ ಊರಿನ ರೈಲ್ವೆ ಕಾರ್ಖಾನೆಯದು. ಎಂಜಿನ್ನು, ಗೇರುಪೆಟ್ಟಿಗೆ, ಡ್ರೈವರನ ಪೀಠ ಇವೆಲ್ಲ ಮುಂದಿನ ನಾಲ್ಕು ಗಾಲಿಗಳ ಬೇರೆ ಚೌಕಟ್ಟಿನ ಮೇಲಿರುತ್ತವೆ. ಜನ ಕೂಡುವ ಮೈಯ ಮುಂದಿನ ತುದಿ ಆ ಚೌಕಟ್ಟಿನ ಮೇಲೆ ಒರಗಿ ನಿಲ್ಲುತ್ತದೆ. ಬಳಸು ಹಳಿಯಲ್ಲಿ ಮೂತಿ ಒಂದು ಕಡೆಗೆ, ಮೈ ಒಂದು ಕಡೆಗೆ ಬಾಗುತ್ತವೆ. ಎತ್ತು ತಿರುಗಿದ ಮೇಲೆ ಗಾಡಿ ತಿರುಗಿದಂತೆ! ಎಂಜಿನ್ನಿನ ನಡುಕವೂ ಜನರ ಮೈಗೆ ಅಷ್ಟಾಗಿ ತಗಲುವುದಿಲ್ಲ. ಮುಂದಿನ ಗಾಲಿಗಳನ್ನು ಉಗಿಎಂಜಿನ್ನಿನಲ್ಲಿದ್ದಂತೆಯೇ ಹೊರಗಡೆ ಉಕ್ಕಿನ ಸಲಾಕಿಗಳಿಂದ ಜೋಡಿಸಿದ್ದರು. ಹೊಸ ಕಾಲದ ಎಂಜಿನ್ನು, ಹಳೆಯ ಕಾಲದ ಕಾಲುಗಳು. ಒಂದು ಬಂಡಿಯಲ್ಲಿ ಸುಮಾರು ನಲವತ್ತು ಜನ ಕೂಡಬಹುದಾಗಿತ್ತು.

ಇದಕ್ಕೆ ಒಂದು ಕೊರತೆಯೂ ಇತ್ತು. ನಡೆಸುವ ಜಾಗ ಒಂದೇ ತುದಿಯಲ್ಲಿ. ಆದುದರಿಂದ ದಾರಿ ಮುಗಿದಲ್ಲಿ ಬಂಡಿಯನ್ನು ಟರ್ನ್‌ಟೇಬಲ್ ಎಂಬ ತಿರುಗುವ ಹಳಿಯ ಮೇಲೆ ನಿಲ್ಲಿಸಿ, ಮುಖ ತಿರುಗಿಸಿ, ಮತ್ತೆ ಹೊರಡಿಸಬೇಕು.

ಇನ್ನು ಈ ಕಾರುಗಳ ನಿತ್ಯದ ದುಡಿಮೆ. ಕೆಂಪು ಮತ್ತು ಕೆನೆ ಬಣ್ಣ ಬಳಿದುಕೊಂಡು ಇವು ಗುಡ್ಡಗಳ ನಡುವೆ ಓಡಾಡಿದವು. ಉಗಿಬಂಡಿಯಾದರೆ ಒಮ್ಮೆ ನಿಂತು ಮತ್ತೆ ವೇಗ ಹಿಡಿಯಲು ಬಹಳ ಹೊತ್ತು, ಬಹಳ ಕಲ್ಲಿದ್ದಲು. ಹಗುರವಾದ ಕಾರಿಗೆ ಆ ಚಿಂತೆಯಿಲ್ಲ. ರಸ್ತೆಯು ಹಳಿಯನ್ನು ದಾಟುವ ಗೇಟುಗಳ ಬಳಿಯೆಲ್ಲ ಇವು ನಿಲ್ಲತೊಡಗಿದವು. ಸ್ಟೇಷನ್ನಿಗೆ ಎರಡು ಮೈಲಿ ನಡೆಯುತ್ತಿದ್ದ ರೈತನ ಹೆಂಡತಿಗೆ ಬಂಡಿಯೇ ಮನೆಯ ಹತ್ತಿರಕ್ಕೆ ಬಂದಂತಾಯಿತು. ಕಾರಿನ ಹಿಂದೆ ಒಂದೆರಡು ಸಾಮಾನಿನ ವ್ಯಾಗನ್ನುಗಳನ್ನೂ ಕಟ್ಟಿಕೊಳ್ಳಬಹುದಾಗಿತ್ತು. ಕಾರಿಗೆ ಕಟ್ಟತಕ್ಕ ವ್ಯಾಗನ್ನುಗಳಿಗೆ ಕೆಂಪು ಬಣ್ಣ, ಉಗಿಬಂಡಿಗೆ ಮಾತ್ರ ತಕ್ಕವುಗಳಿಗೆ ಬೂದು ಬಣ್ಣ. ಗುರುತು ಹಿಡಿಯಲು ಕಾಗದಪತ್ರವೇ ಬೇಕಿರಲಿಲ್ಲ. ಜಾತ್ರೆಯ ದಿನ, ಕಡಲತೀರಕ್ಕೆ ಜನ ಮುಗಿಬೀಳುವ ದಿನ ಉಗಿಎಂಜಿನ್ನುಗಳು ಹೊರಬರುತ್ತಿದ್ದವು. ಮದುವೆಗೆ ದೊಡ್ಡ ಒಲೆ, ಮನೆಯೂಟಕ್ಕೆ ಸಣ್ಣ ಒಲೆ.

ಈ ನಡುವೆ ದೇಶವೇ ಎರಡಾಯಿತು. 1920ರ ದಶಕದ ಆರಂಭದಲ್ಲಿ ಐರ್ಲೆಂಡು ಒಡೆದಾಗ, ರೈಲಿನ ಮುಖ್ಯ ಜಂಕ್ಷನ್ನಾದ ಸ್ಟ್ರಬ್ಯಾನ್ ಊರು ಬ್ರಿಟಿಷರ ಉತ್ತರ ಐರ್ಲೆಂಡಿನಲ್ಲಿ ಉಳಿಯಿತು. ಡೊನೆಗಾಲು ಹೊಸ ರಾಜ್ಯಕ್ಕೆ ಸೇರಿತು. 1923ರಿಂದ ಗಡಿಯಲ್ಲಿ ಸುಂಕದ ತಪಾಸಣೆ. ನಿನ್ನೆಯವರೆಗೆ ಪಕ್ಕದ ಊರಾಗಿದ್ದದ್ದು ಇಂದು ಪರದೇಶ. ಬಂಡಿ ನಿಲ್ಲಬೇಕು, ಗಂಟು ಬಿಚ್ಚಬೇಕು, ಹೊತ್ತು ಕಳೆಯಬೇಕು. ಇದರ ಮೇಲೆ ರಸ್ತೆಯಲ್ಲಿ ಬಸ್ಸು ಲಾರಿಗಳ ಪೈಪೋಟಿ. ಸುತ್ತಮುತ್ತಲಿನ ಕಿರುಹಳಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಆಗ ಫೋರ್ಬ್ಸನ ಗೃಹಕೃತ್ಯ ನೋಡಬೇಕು. ಡಬ್ಲಿನ್ ಬಳಿಯ ಒಂದು ಟ್ರಾಮು ಮುಚ್ಚಿದಾಗ ಅದರ ರೈಲುಕಾರನ್ನು ಕೊಂಡು, ಐದಡಿ ಮೂರಂಗುಲದ ಗಾಲಿಯನ್ನು ಮೂರಡಿಗೆ ಕಿರಿದುಮಾಡಿ ಓಡಿಸಿದ. ಕ್ಯಾಸಲ್‌ಡರ್ಗ್ ಟ್ರಾಮು ಮುಚ್ಚಿದಾಗ ಅದರ ಕಾರೂ ಇಲ್ಲಿಗೆ ಬಂತು. ಕ್ಲಾಹರ್ ಕಣಿವೆಯ ರೈಲು 1941ರ ಕೊನೆಗೆ ನಿಂತುಹೋದಾಗ, 1932ರಲ್ಲಿ ವಾಕರರು ಕಟ್ಟಿದ್ದ ಅದರ ಕಾರು ಮರುವರ್ಷ ಡೊನೆಗಾಲಿನ 10ನೆಯ ನಂಬರಾಯಿತು. ಅದೇ ಕ್ಲಾಹರ್ ರೈಲಿನವರು 1928ರಲ್ಲಿ ತರಿಸಿ, ಕೆಲಸಕ್ಕೆ ಬಾರದೆಂದು ಮೂಲೆಗೆ ತಳ್ಳಿದ್ದ ಒಂದು ಉಗಿಯಂತ್ರವನ್ನು ಫೋರ್ಬ್ಸನು 1932ರಲ್ಲಿಯೇ ಕೊಂಡಿದ್ದ. ಅದರ ಉಗಿಯ ಭಾಗವನ್ನು ತೆಗೆದು, ಗಾರ್ಡ್ನರ್ ಡೀಸೆಲ್ ಎಂಜಿನ್ನು ಕೂಡಿಸಿ, ಫೀನಿಕ್ಸ್ ಎಂದು ಹೆಸರಿಟ್ಟ. ಬೂದಿಯಿಂದ ಮತ್ತೆ ಹುಟ್ಟುವ ಪುರಾಣದ ಹಕ್ಕಿಯ ಹೆಸರು ಅದು. ಬೇರೆಯವರು ಮೂಲೆಗೆ ತಳ್ಳಿದ ಆ ಯಂತ್ರ ಡೊನೆಗಾಲಿನ ರೈಲಿನ ಕೊನೆಯ ದಿನದವರೆಗೂ ಅಲ್ಲಿಯೇ ಉಳಿಯಿತು. ಇಂದು ನಾವು ಪುನರುದ್ಧಾರವೆಂದು ದೊಡ್ಡ ಹೆಸರಿನಿಂದ ಕರೆಯುವ ಕೆಲಸವನ್ನು ಆ ರೈಲಿನವರು ದಿನದ ಅನ್ನಕ್ಕಾಗಿ ಮಾಡುತ್ತಿದ್ದರು.

ದುಃಖದ ದಿನಗಳೂ ಬಂದವು. 1949ರಲ್ಲಿ ಡೊನೆಗಾಲ್ ಊರಿನ ಬಳಿ ರೈಲುಕಾರಿಗೂ ಉಗಿಬಂಡಿಗೂ ಡಿಕ್ಕಿಯಾಗಿ ಪ್ರಾಣಹಾನಿಯಾಯಿತು. 17ನೆಯ ಕಾರು ನಾಶವಾಯಿತು. ಆದರೂ ಕೈಚೆಲ್ಲಲಿಲ್ಲ. 1950ರಲ್ಲಿ 19ನೆಯದು, 1951ರಲ್ಲಿ 20ನೆಯದು ಹೊಸದಾಗಿ ಬಂದವು. ಇವುಗಳ ಎಂಜಿನ್ನಿಗೆ 102 ಅಶ್ವಶಕ್ತಿ. ಅಷ್ಟು ಹೊತ್ತಿಗೆ ಜಾಲ ಕುಗ್ಗತೊಡಗಿತ್ತು. ಗ್ಲೆಂಟೀಸ್ ದಾರಿಯಲ್ಲಿ 1947ರ ಕೊನೆಗೇ ಪ್ರಯಾಣಿಕರ ಬಂಡಿ ನಿಂತಿತ್ತು. 1954ರ ಕೊನೆಗೆ ಸ್ಟ್ರಬ್ಯಾನಿನಿಂದ ಡೆರಿಗೆ ಹೋಗುವ ದಾರಿ ಮುಚ್ಚಿತು. 1959ರ ಡಿಸೆಂಬರ್ 31ರಂದು ಉಳಿದ ಪ್ರಯಾಣಿಕರ ಬಂಡಿಗಳೆಲ್ಲ ನಿಂತವು. ರೈಲುಕಾರುಗಳು ಬಾರದೆ ಇದ್ದಿದ್ದರೆ ಆ ದಿನ ಇನ್ನೂ ಎಷ್ಟೋ ವರ್ಷ ಮೊದಲೇ ಬರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

1961ರಲ್ಲಿ ಸಾಮಾನುಗಳ ಹರಾಜು ನಡೆಯಿತು. ಹಳಿಗಳು ಕಿತ್ತುಹೋದವು. ಆದರೆ ಕೆಲವು ಕಾರುಗಳು ಗುಜರಿಯ ಪಾಲಾಗದೆ ಉಳಿದುಕೊಂಡವು. ಮೊಟ್ಟಮೊದಲ ಪುಟ್ಟ ಕಾರೂ, ಕ್ಲಾಹರಿನಿಂದ ಬಂದ 10ನೆಯದೂ, ಫೀನಿಕ್ಸೂ ಬೆಲ್‌ಫಾಸ್ಟ್ ಬಳಿಯ ಕಲ್ಟ್ರಾದ ವಸ್ತುಸಂಗ್ರಹಾಲಯವನ್ನು ಸೇರಿದವು. 1934ರ 12ನೆಯದು ಡೆರಿ ನಗರದಲ್ಲಿ ಫಾಯ್ಲ್ ನದಿಯ ದಂಡೆಯ ಸಂಗ್ರಹಾಲಯಕ್ಕೆ ಹೋಯಿತು. 1940ರ 18ನೆಯದೂ ಉಳಿಯಿತು. 19 ಮತ್ತು 20 ಸಮುದ್ರ ದಾಟಿ ಮ್ಯಾನ್ ದ್ವೀಪಕ್ಕೆ ಹೋದವು.

ಇಲ್ಲಿಂದ ಕತೆಯ ಎರಡನೆಯ ಭಾಗ. ದುಡಿದು ದಣಿದ ಇಂಥ ಬಂಡಿಯನ್ನು ಮತ್ತೆ ಓಡುವಂತೆ ಮಾಡುವುದೆಂದರೆ ಏನು? ಬಣ್ಣ ಬಳಿದರೆ ಮುಗಿಯಿತೆಂದು ನೋಡುವವರು ತಿಳಿಯುತ್ತಾರೆ. ಬಣ್ಣ ಬಳಿಯುವುದು ಕೊನೆಯ ಕೆಲಸ.

ಮೊದಲು ಮೈಯನ್ನು ನೋಡಬೇಕು. ಆ ಕಾಲದ ಬಂಡಿಗಳ ಒಡಲು ಮರದ ಚೌಕಟ್ಟಿನದು, ಮೇಲೆ ತಗಡಿನ ಹೊದಿಕೆ. ಹೊರಗಿನ ತಗಡು ಗಟ್ಟಿಯಾಗಿ ಕಂಡರೂ ಒಳಗೆ ನೀರಿಳಿದು ಮರ ಕೊಳೆತಿರುತ್ತದೆ. ಕಿಟಕಿಗಳ ಕೆಳಗೆ, ಬಾಗಿಲಿನ ಬುಡದಲ್ಲಿ ಉಳಿಯ ತುದಿ ಒತ್ತಿದರೆ ಹಿಟ್ಟಿನೊಳಗೆ ಹೋದ ಹಾಗೆ ಹೋಗುತ್ತದೆ. ನಮ್ಮ ಮಲೆನಾಡಿನ ಮನೆಗಳ ಬಾಗಿಲುವಾಡ ಬುಡದಲ್ಲಿ ಕೊಳೆಯುವುದೂ ಹೀಗೆಯೇ. ಬಡಗಿಯು ಒಂದೊಂದು ತುಂಡನ್ನೂ ಬಿಚ್ಚಿ, ಅಳತೆ ಬರೆದುಕೊಂಡು, ನಂಬರು ಹಾಕಿ, ಕೊಳೆತಷ್ಟನ್ನು ಮಾತ್ರ ಕತ್ತರಿಸಿ ಹೊಸ ಮರ ಬೆಸೆಯಬೇಕು. ಬಣ್ಣವನ್ನು ಕೆರೆಯುವಾಗಲೂ ಅವಸರ ಕೂಡದು. ಪದರದ ಕೆಳಗೆ ಪದರ, ಯಾವ ವರ್ಷ ಯಾವ ಬಣ್ಣವಿತ್ತೆಂಬ ಲೆಕ್ಕ ಅಲ್ಲಿಯೇ ಉಂಟು.

ಆಮೇಲೆ ಗಾಲಿಗಳು. ರೈಲಿನ ಇಂಥ ಗಾಲಿಯ ಹೊರಸುತ್ತು ಬೇರೆಯೇ ಒಂದು ಉಕ್ಕಿನ ಪಟ್ಟಿ. ಅದನ್ನು ಕಾಯಿಸಿ ಹಿಗ್ಗಿಸಿ ಒಳಗಾಲಿಗೆ ತೊಡಿಸಿದರೆ, ಆರಿದಾಗ ಕುಗ್ಗಿ ಬಿಗಿಯಾಗಿ ಕೂರುತ್ತದೆ. ನಮ್ಮ ಊರುಗಳಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಕಮ್ಮಾರನು ಬೆರಣಿಯ ಬೆಂಕಿಯಲ್ಲಿ ಕಾಯಿಸಿದ ಕಬ್ಬಿಣದ ಪಟ್ಟಿ ಹೊಡೆದು ನೀರು ಸುರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿದ್ಯೆ ಅದೇ, ಅಳತೆ ಮಾತ್ರ ಕೂದಲೆಳೆಯಷ್ಟು ನಿಖರ.

ಇನ್ನು ಎಂಜಿನ್ನು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಕೊಂತಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ನೀರಿನ ದಾರಿಗಳಲ್ಲಿ ತುಕ್ಕು ಗಟ್ಟಿಕಟ್ಟಿರುತ್ತದೆ. ಎಣ್ಣೆ ಸಿಂಪಡಿಸುವ ತೂತುಗಳು ಮುಚ್ಚಿಹೋಗಿರುತ್ತವೆ. ಇಲ್ಲಿ ಡೊನೆಗಾಲಿನ ಕಾರುಗಳಿಗೆ ಒಂದು ಅದೃಷ್ಟವಿದೆ. ಗಾರ್ಡ್ನರ್ ಎಂಜಿನ್ನುಗಳನ್ನು ಬಸ್ಸು, ಲಾರಿ, ಮೀನುಹಿಡಿಯುವ ದೋಣಿಗಳಲ್ಲೆಲ್ಲ ಬಹುಕಾಲ ಬಳಸಿದರು. 6ಎಲ್‌ಡಬ್ಲ್ಯು ಎಂಬ ಮಾದರಿಯಂತೂ ಬಸ್ಸಿನವರಿಗೆಲ್ಲ ಪರಿಚಿತ: ಆರು ಸಿಲಿಂಡರು, ಒಂದೊಂದರ ಬಾಯಿ ನಾಲ್ಕೂಕಾಲು ಅಂಗುಲ, ಕೊಂತದ ಓಟ ಆರಂಗುಲ. ಆದುದರಿಂದ ಬಿಡಿಭಾಗವೂ ಅದನ್ನು ಬಲ್ಲ ಕೈಯೂ ಇಂದಿಗೂ ತೀರ ಅಪರೂಪವಲ್ಲ. ಹತ್ತೂರಿನವರು ಬಳಸಿದ ವಸ್ತು ಹತ್ತೂರಿನಲ್ಲಿ ಉಳಿಯುತ್ತದೆ. ವಾಕರರ ಚೌಕಟ್ಟಿನ ಭಾಗಗಳು ಹಾಗಲ್ಲ. ಅವು ಅಂಗಡಿಯಲ್ಲಿ ದೊರೆಯುವುದಿಲ್ಲ. ಹಳೆಯದನ್ನು ನೋಡಿ ಹೊಸದಾಗಿ ಎರಕಹೊಯ್ಯಬೇಕು, ಕಡೆಯಬೇಕು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ಹಳೆಯ ಬಂಡಿಯೇ, ಹೊಸ ಬಂಡಿಯೇ? ಈ ಪ್ರಶ್ನೆ ನಿಮ್ಮ ನಾಲಗೆಯ ತುದಿಗೆ ಬಂದಿರಬೇಕು. ನಿಮ್ಮ ಊರಿನ ತೇರನ್ನು ನೆನೆಯಿರಿ. ಒಂದು ವರ್ಷ ಒಂದು ಗಾಲಿ ಸೀಳಿತೆಂದು ಹೊಸದನ್ನು ಹಾಕಿದರು. ಇನ್ನೊಂದು ವರ್ಷ ಅಚ್ಚನ್ನು ಬದಲಾಯಿಸಿದರು. ಅಜ್ಜನ ಕಾಲದಲ್ಲಿ ತೊಲೆ, ಅಪ್ಪನ ಕಾಲದಲ್ಲಿ ಹಲಗೆ. ಆದರೂ ರಥೋತ್ಸವದ ದಿನ ಇದು ಬೇರೆ ತೇರೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಎಂದೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲಿಲ್ಲ. ಪ್ರತಿ ಸಲವೂ ಹಳೆಯ ಬಡಗಿ ನಿಂತು ತೋರಿಸಿದ; ಎಳೆಯ ಬಡಗಿ ನೋಡಿ ಕಲಿತ. ಮರದ ಜತೆಗೆ ವಿದ್ಯೆಯೂ ಕೈಯಿಂದ ಕೈಗೆ ದಾಟಿತು. ಓಡುವ ಬಂಡಿಯ ರಿಪೇರಿಯೂ ಇಂಥದೇ. ವರ್ಷಕ್ಕಿಷ್ಟು ಖರ್ಚು, ವರ್ಷಕ್ಕಿಷ್ಟು ಕಲಿಕೆ.

ನಿಂತ ಬಂಡಿಯ ಪಾಡು ಬೇರೆ. ಅದಕ್ಕೆ ಖರ್ಚೆಲ್ಲ ಒಂದೇ ಸಲ ಎದುರಾಗುತ್ತದೆ. ಮ್ಯಾನ್ ದ್ವೀಪಕ್ಕೆ ಹೋದ ಎರಡು ಕಾರುಗಳ ಕತೆ ಕೇಳಿ. ಅಲ್ಲಿನವರು ಜಾಣತನದಿಂದ ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರು. ಹೋಗುವಾಗ ಒಂದು ಎಳೆಯುವುದು, ಬರುವಾಗ ಇನ್ನೊಂದು. ಮುಖ ತಿರುಗಿಸುವ ತೊಂದರೆಯೇ ಇಲ್ಲ. ಹೀಗೆ ಮೂವತ್ತು ವರ್ಷಗಳಷ್ಟು ಕಾಲ ಅವು ಅಲ್ಲಿ ಸೇವೆ ಮಾಡಿದವು. 1990ರ ದಶಕದಲ್ಲಿ ನಿಂತವು. ಆ ದಶಕದ ಕೊನೆಗೆ ಎರಡನ್ನೂ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಕೈಹಾಕಿದರು. ಕೆಲಸ ಅರ್ಧಕ್ಕೆ ಬಂದಾಗ ಖರ್ಚು ಕೈಮೀರಿತು. ಅರ್ಧವಾದ ಕಾರುಗಳನ್ನು ಷೆಡ್ಡಿನಲ್ಲಿ ನಿಲ್ಲಿಸಿದರು. ವರ್ಷಗಳು ಉರುಳಿದವು. ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಮನೆಯ ಹೆಂಚನ್ನು ವರ್ಷವರ್ಷವೂ ಕೈಯಾಡಿಸದೆ, ಮಾಡೇ ಕುಸಿದ ಮೇಲೆ ಕಟ್ಟಲು ಹೊರಟವರಿಗೆಲ್ಲ ಈ ಅನುಭವ ಉಂಟು.

ಹಾಗಾದರೆ ಹಳೆಯ ಬಂಡಿಗಳನ್ನೆಲ್ಲ ಓಡಿಸುತ್ತಲೇ ಇರಬೇಕೆ? ಓಡಿದರೆ ಸವೆಯುವುದಲ್ಲವೆ? ಸವೆಯುವುದು ನಿಜ. ಒಂದೊಂದೇ ಮೂಲಭಾಗ ಹೋಗಿ ಹೊಸದು ಬರುವುದೂ ನಿಜ. ಆದುದರಿಂದ ಕಲ್ಟ್ರಾದಲ್ಲಿ 10ನೆಯ ಕಾರು ಕದಲದೆ ನಿಂತಿರುವುದಕ್ಕೂ ಬೆಲೆಯಿದೆ. ಮೂಲದಲ್ಲಿ ತಿರುಪು ಎಲ್ಲಿತ್ತು, ಹಲಗೆ ಎಷ್ಟು ದಪ್ಪ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರಕ್ಕೆ ಒಂದು ಸಾಕ್ಷಿ ಬೇಕು. ಒಂದು ಸಾಕ್ಷಿಯಾಗಿ ನಿಲ್ಲಲಿ. ಒಂದು ವಿದ್ಯೆಯನ್ನು ಉಳಿಸಲು ಓಡಲಿ. ಎಂಜಿನ್ನಿನ ದನಿಯಲ್ಲಿ ಯಾವ ಮಿಡಿತ ತಪ್ಪಿತು, ಗೇರು ಯಾವಾಗ ಬದಲಾಯಿಸಿದರೆ ಜನ ಮುಗ್ಗರಿಸುವುದಿಲ್ಲ, ಮಳೆಯಲ್ಲಿ ಬ್ರೇಕು ಎಷ್ಟು ಮೊದಲೇ ಹಿಡಿಯಬೇಕು ಎಂಬುದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಉಳಿಸುವ ವಸ್ತುವಲ್ಲ.

ಈ ಮಾತಿಗೆ ಸಾಕ್ಷಿ ಬೇಕಾದವರು ಫಿನ್‌ಟೌನ್ ಎಂಬ ಹಳ್ಳಿಯನ್ನು ನೋಡಬೇಕು. ಗ್ಲೆಂಟೀಸ್ ದಾರಿಯಲ್ಲಿದ್ದ ಊರು ಅದು, ಐರಿಷ್ ಭಾಷೆ ಆಡುವ ಸೀಮೆ. ಅಲ್ಲಿ ರೈಲು ಬಂದದ್ದು 1895ರಲ್ಲಿ; ಹಳಿ ಕಿತ್ತುಹೋಗಿ ದಶಕಗಳೇ ಕಳೆದಿದ್ದವು. ಊರಿನವರು ಕೂಡಿ, ಫಿನ್ ಸರೋವರದ ಅಂಚಿನಲ್ಲಿ ಹಳೆಯ ಜಾಡಿನ ಮೇಲೆಯೇ ಮೂರಡಿಯ ಹಳಿಯನ್ನು ಮತ್ತೆ ಹಾಕಿದರು. 1995ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅಲ್ಲಿ ಮತ್ತೆ ರೈಲು ಓಡಿತು. ಮೂರು ಮೈಲಿಯಷ್ಟೇ ದಾರಿ. 1940ರ 18ನೆಯ ರೈಲುಕಾರು ಆಮೇಲೆ ಅಲ್ಲಿಗೆ ಬಂದು, ಒಂದು ಕಡೆ ಗುಡ್ಡ, ಒಂದು ಕಡೆ ನೀರು ಇರುವ ಆ ದಾರಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಿತು. ಬಂಡಿ ಉಳಿದರೆ ಸಾಲದು. ಅದಕ್ಕೆ ಹಳಿ ಬೇಕು, ಹಳಿಗೆ ಊರು ಬೇಕು, ಊರಿಗೆ ಅದು ನಮ್ಮದೆಂಬ ಅಭಿಮಾನ ಬೇಕು ಎಂಬುದನ್ನು ಫಿನ್‌ಟೌನಿನವರು ಮಾಡಿ ತೋರಿಸಿದರು.

ದೂರದ ಡೊನೆಗಾಲಿನ ಕತೆ ನಮಗೇಕೆ ಎಂದು ಕೇಳಬಹುದು. ನಮ್ಮ ಮಲೆನಾಡಿನಲ್ಲಿ ರೈಲುಬಸ್ಸು ನಡೆಸಿದ ಡ್ರೈವರುಗಳು, ಅದರ ಅಡಿಯಲ್ಲಿ ಮಲಗಿ ರಿಪೇರಿ ಮಾಡಿದ ಫಿಟ್ಟರುಗಳು ನಮ್ಮ ನೆರೆಹೊರೆಯಲ್ಲಿಯೇ ನಿವೃತ್ತರಾಗಿ ಕುಳಿತಿರಬಹುದು. ಮಳೆಗಾಲದಲ್ಲಿ ಹಳಿಯ ಮೇಲೆ ಎಲೆ ಬಿದ್ದು ಗಾಲಿ ಜಾರಿದರೆ ಏನು ಮಾಡುತ್ತಿದ್ದಿರಿ, ಮರ ಬಿದ್ದ ದಿನ ಪ್ರಯಾಣಿಕರನ್ನು ಹೇಗೆ ಸೇರಿಸಿದಿರಿ ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೆ? ಕೇಳಿ ಬರೆದಿಟ್ಟಿದ್ದಾರೆಯೆ? ಬಂಡಿಯನ್ನು ಉಳಿಸಲು ಹಣ ಬೇಕು. ಕೇಳಿ ಬರೆದುಕೊಳ್ಳಲು ಒಂದು ನೋಟುಪುಸ್ತಕವೂ ಒಂದು ಸಂಜೆಯೂ ಸಾಕು.

ನಿಮ್ಮ ಮನೆಯೊಳಗೂ ಇಂಥದೊಂದು ಇದ್ದೀತು. ತಾಯಿಯ ಹೊಲಿಗೆಯಂತ್ರವೋ, ತಂದೆಯ ಸೈಕಲ್ಲೋ, ಅಟ್ಟದ ಮೇಲಿನ ಹಳೆಯ ರೇಡಿಯೋ ಪೆಟ್ಟಿಗೆಯೋ. ಅದನ್ನು ಮಾರಬೇಡಿ ಎಂದು ಹೇಳುವುದಿಲ್ಲ, ಇಟ್ಟುಕೊಂಡರೆ ಕೆಳಗಿಳಿಸಿ. ಹೊಲಿಗೆಯಂತ್ರಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ವಾರಕ್ಕೊಮ್ಮೆ ಒಂದು ಅಂಚನ್ನಾದರೂ ಹೊಲಿಯಿರಿ. ಹೊಲಿಯುವಾಗ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡೊನೆಗಾಲಿನವರು ತಮ್ಮ ಬಂಡಿಗಳಿಗೆ ಮೂವತ್ತು ವರ್ಷ ಮಾಡಿದ್ದು ಇದನ್ನೇ.